ಬ್ಯಾಂಕಾಕಿನಲ್ಲಿ ಬಿಡಾರ

ನಮ್ಮ ಹಿರಿಯರು ಯಾತ್ರೆಗೆ ಹೊರಡುವಾಗ ಇಳಿದುಕೊಳ್ಳುವ ಸ್ಥಳದ ಚಿಂತೆ ಅವರನ್ನು ಅಷ್ಟಾಗಿ ಕಾಡುತ್ತಿರಲಿಲ್ಲ. ದಾರಿಯಲ್ಲಿ ಛತ್ರಗಳಿದ್ದುವು, ಕ್ಷೇತ್ರಗಳಲ್ಲಿ ಮಠಗಳಿದ್ದುವು, ಎಲ್ಲಿಯೂ ಇಲ್ಲದಿದ್ದರೆ ಯಾರದಾದರೂ ಮನೆಯ ಜಗಲಿಯಂತೂ ಇದ್ದೇ ಇತ್ತು. ಈಗ ಕಾಲ ಬೇರೆಯಾಗಿದೆ. ಸಾಧಾರಣ ವರಮಾನದ ಗೃಹಸ್ಥರೂ ಎರಡು ಮೂರು ವರ್ಷ ಕೈಬಿಗಿಹಿಡಿದು ಹಣ ಕೂಡಿಟ್ಟು, ವೃದ್ಧರಾದ ತಾಯಿತಂದೆಯರನ್ನೂ ಮಕ್ಕಳನ್ನೂ ಕರೆದುಕೊಂಡು ಕಡಲಾಚೆಯ ಊರುಗಳನ್ನು ನೋಡಿಬರುತ್ತಿದ್ದಾರೆ. ಇದು ಸಂತೋಷದ ವಿಷಯವೇ ಸರಿ. ಆದರೆ ಪರದೇಶದಲ್ಲಿ ಛತ್ರವೂ ಇಲ್ಲ, ಜಗಲಿಯೂ ಇಲ್ಲ. ಬಿಡಾರವನ್ನು ಮನೆಯಲ್ಲಿ ಕುಳಿತೇ ಗೊತ್ತುಮಾಡಿಕೊಳ್ಳಬೇಕು. ಕಣ್ಣಾರೆ ಕಾಣದ ಕೋಣೆಗೆ ಅನೇಕ ವೇಳೆ ಮುಂಗಡವಾಗಿಯೇ ಹಣ ತೆರಬೇಕು. ಈ ಒಂದು ಆಯ್ಕೆ ಕೆಟ್ಟರೆ ಕೂಡಿಟ್ಟ ಹಣವೂ ಹೋಗುತ್ತದೆ, ಮನೆಮಂದಿಯ ಆರೋಗ್ಯವೂ ಕೆಡುತ್ತದೆ.

ಬೆಂಗಳೂರಿನಿಂದ ವಿಮಾನದಲ್ಲಿ ಹೆಚ್ಚುಕಡಮೆ ನಾಲ್ಕು ಗಂಟೆಗಳ ದಾರಿಯಲ್ಲಿರುವ ಬ್ಯಾಂಕಾಕು, ಹೀಗೆ ಮೊದಲ ಬಾರಿಗೆ ಪರದೇಶಕ್ಕೆ ಹೊರಡುವ ನಮ್ಮವರಲ್ಲಿ ಅನೇಕರು ಆರಿಸಿಕೊಳ್ಳುವ ನಗರ. ಅಲ್ಲಿ ಮಿತವ್ಯಯದಿಂದ ನಾಲ್ಕಾರು ದಿನ ಇರಲು ಬಯಸುವವರು ಮೊದಲು ತಿಳಿಯಬೇಕಾದ ಸಂಗತಿ ಒಂದೇ: ಅಗ್ಗದ ಕೋಣೆ ಬೇರೆ, ಅಗ್ಗದ ವಾಸ ಬೇರೆ. ಕೋಣೆಯ ಬಾಡಿಗೆ ಜಾಹೀರಾತಿನಲ್ಲಿ ಕಾಣುತ್ತದೆ. ವಾಸದ ವೆಚ್ಚವನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಊರಿನ ಪರಿಚಯ

ಥಾಯ್ ಜನರು ತಮ್ಮ ರಾಜಧಾನಿಯನ್ನು ಬ್ಯಾಂಕಾಕೆಂದು ಕರೆಯುವುದಿಲ್ಲ. ‘ಕ್ರುಂಗ್ ಥೇಪ್’, ಎಂದರೆ ದೇವತೆಗಳ ನಗರ, ಎನ್ನುತ್ತಾರೆ. ಅದರ ಪೂರ್ಣ ನಾಮಧೇಯ ಬಹು ದೀರ್ಘವಾದುದು. ಪಾಲಿ ಸಂಸ್ಕೃತ ಪದಗಳಿಂದ ತುಂಬಿದುದು. ಅಮರ, ರತ್ನ, ಇಂದ್ರ, ಅಯೋಧ್ಯೆ, ವಿಶ್ವಕರ್ಮ ಎಂಬ ನಮ್ಮ ಪರಿಚಿತ ಶಬ್ದಗಳೆಲ್ಲ ಸ್ವಲ್ಪ ರೂಪ ಬದಲಾಯಿಸಿಕೊಂಡು ಆ ಹೆಸರಿನಲ್ಲಿ ಅಡಗಿವೆ. ೧೭೮೨ರಲ್ಲಿ ಒಂದನೆಯ ರಾಮನೆಂಬ ದೊರೆಯು ಚಾವ್ ಪ್ರಯಾ ನದಿಯ ಪೂರ್ವದ ದಡದಲ್ಲಿ ಈ ರಾಜಧಾನಿಯನ್ನು ನೆಲೆಗೊಳಿಸಿದನು. ಅರಮನೆ, ಪಚ್ಚೆಯ ಬುದ್ಧನ ಗುಡಿ, ಮಲಗಿದ ಬುದ್ಧನಿರುವ ವಾಟ್ ಪೋ ಇವೆಲ್ಲ ಆ ಹಳೆಯ ಭಾಗದಲ್ಲಿವೆ. ದೊಡ್ಡ ಅಂಗಡಿಗಳೂ ಕಚೇರಿಗಳೂ ಪೂರ್ವಕ್ಕೆ ಬಹು ದೂರ ಹರಡಿಕೊಂಡಿವೆ. ಆದುದರಿಂದ ಈ ಊರಿಗೆ ‘ನಡುಪೇಟೆ’ ಎಂಬುದು ಒಂದಲ್ಲ, ಹಲವು. ‘ಊರಿನ ಮಧ್ಯದಲ್ಲಿದೆ’ ಎಂಬ ಹೋಟೆಲಿನ ಜಾಹೀರಾತಿಗೆ ಇಲ್ಲಿ ಹೆಚ್ಚಿನ ಅರ್ಥವಿಲ್ಲ.

ಬೀದಿಗಳಲ್ಲಿ ವಾಹನಗಳ ದಟ್ಟಣೆ ವಿಪರೀತ. ಸಂಜೆಯ ಹೊತ್ತು ಮಳೆಯೂ ಸೇರಿತೆಂದರೆ ಒಂದು ಹರಿದಾರಿ ಸಾಗುವುದಕ್ಕೆ ಒಂದು ಗಂಟೆ ಹಿಡಿಯುವುದೂ ಉಂಟು. ಈ ಸಂಕಟಕ್ಕೆ ಪರಿಹಾರವಾಗಿ ೧೯೯೯ರ ಡಿಸೆಂಬರಿನಲ್ಲಿ ಕಂಬಗಳ ಮೇಲೆ ಓಡುವ ಬಿ.ಟಿ.ಎಸ್. ರೈಲೂ, ೨೦೦೪ರಲ್ಲಿ ನೆಲದೊಳಗಿನ ಎಂ.ಆರ್.ಟಿ. ರೈಲೂ ಆರಂಭವಾದುವು. ೨೦೧೯ರಲ್ಲಿ ನೆಲದೊಳಗಿನ ರೈಲು ಹಳೆಯ ಊರಿಗೂ ಬಂದು, ವಾಟ್ ಪೋಗೆ ನಡೆದುಹೋಗುವಷ್ಟು ಹತ್ತಿರದಲ್ಲಿ ಸನಾಮ್ ಚಾಯ್ ಎಂಬ ನಿಲ್ದಾಣವಾಯಿತು. ಇವುಗಳಲ್ಲದೆ ನದಿಯಲ್ಲಿಯೂ, ಸೇನ್ ಸೇಪ್ ಎಂಬ ಕಾಲುವೆಯಲ್ಲಿಯೂ ದೋಣಿಗಳು ಬಸ್ಸಿನಂತೆ ಸಂಚರಿಸುತ್ತವೆ. ಆದಕಾರಣ ಬಿಡಾರವನ್ನು ಹುಡುಕುವವರು ಮೊದಲು ಬಿಡಿಸಬೇಕಾದುದು ಹೋಟೆಲುಗಳ ಪಟ್ಟಿಯನ್ನಲ್ಲ, ರೈಲುದಾರಿಯ ನಕ್ಷೆಯನ್ನು.

ನೆಲೆಯ ಆಯ್ಕೆ

ಅಲ್ಪ ಬಾಡಿಗೆಗೆ ಬಹುಕಾಲದಿಂದ ಹೆಸರಾದ ಬೀದಿ ಖಾವ್ ಸಾನ್. ಆ ಹೆಸರಿಗೆ ಅಕ್ಕಿ ಎಂದೇ ಅರ್ಥ. ಹಿಂದೆ ಅದು ಅಕ್ಕಿಯ ವ್ಯಾಪಾರದ ಸ್ಥಳವಾಗಿತ್ತು. ಈಗ ಜಗತ್ತಿನ ನಾನಾ ಕಡೆಗಳಿಂದ ಬೆನ್ನಿಗೆ ಚೀಲ ಕಟ್ಟಿಕೊಂಡು ಬರುವ ತರುಣರ ಬೀಡು. ಅರಮನೆ ಹತ್ತಿರ, ದೋಣಿಯ ಕಟ್ಟೆ ಹತ್ತಿರ, ಬಾಡಿಗೆಯೂ ಕಡಮೆ. ಆದರೆ ರೈಲು ನಿಲ್ದಾಣ ಸಮೀಪದಲ್ಲಿಲ್ಲ. ರಾತ್ರಿ ಬಹು ಹೊತ್ತಿನವರೆಗೆ ವಾದ್ಯಗಳ ಅಬ್ಬರ ನಿಲ್ಲುವುದಿಲ್ಲ. ಒಂಟಿಯಾಗಿ ಹೋಗುವ ತರುಣರಿಗೆ ಇದು ಒಪ್ಪಬಹುದು, ಮಕ್ಕಳೊಂದಿಗರಿಗೆ ಒಪ್ಪದು. ಹಳೆಯ ಊರಿನಲ್ಲಿಯೇ ಇರಬೇಕೆನ್ನುವವರು ಇದಕ್ಕೆ ಉತ್ತರದಲ್ಲಿರುವ ಸಾಮ್‌ಸೇನ್ ಬೀದಿಯ ಒಳಗೇರಿಗಳನ್ನು ನೋಡುವುದು ಲೇಸು.

ಎರಡನೆಯದು ಪ್ರಾತುನಾಮ್. ಇದು ಸಿದ್ಧ ಉಡುಪುಗಳ ಸಗಟು ಪೇಟೆ. ಭಾರತೀಯ ಪ್ರವಾಸಿಗಳು ಇಲ್ಲಿ ಹೆಚ್ಚಾಗಿ ಇಳಿಯುವುದರಿಂದ ನಮ್ಮ ಊಟ ಸಿಕ್ಕುವ ಅಂಗಡಿಗಳೂ ಹಲವಾರು ಇವೆ. ಕಾಲುವೆಯ ದೋಣಿಕಟ್ಟೆ ಇಲ್ಲಿಯೇ ಇದೆ. ವಿಮಾನ ನಿಲ್ದಾಣದಿಂದ ಬರುವ ರೈಲು ರಾಚಪ್ರಾರೋಪ್ ಎಂಬಲ್ಲಿ ನಿಲ್ಲುತ್ತದೆ. ಜನಸಂದಣಿ ಹೆಚ್ಚೆಂಬುದೊಂದೇ ಕೊರತೆ.

ಮೂರನೆಯದು ಸುಖುಮ್ವಿಟ್ ರಸ್ತೆ. ಈ ಉದ್ದದ ರಸ್ತೆಯ ಮೇಲೆಯೇ ಬಿ.ಟಿ.ಎಸ್. ರೈಲು ಓಡುತ್ತದೆ. ಪೂರ್ವಕ್ಕೆ ಸರಿದಷ್ಟೂ, ಪ್ರಾ ಖನೋಂಗ್, ಓನ್ ನುಟ್ ಮೊದಲಾದ ನಿಲ್ದಾಣಗಳ ಬಳಿ, ಬಾಡಿಗೆ ಇಳಿಯುತ್ತದೆ. ರೈಲಿನ ಅನುಕೂಲ ಮಾತ್ರ ಕಡಮೆಯಾಗುವುದಿಲ್ಲ. ಇಲ್ಲಿ ಅಡ್ಡಬೀದಿಗೆ ‘ಸೋಯ್’ ಎಂದು ಹೆಸರು. ಉತ್ತರದ ಸೋಯ್‌ಗಳಿಗೆ ಬೆಸಸಂಖ್ಯೆ, ದಕ್ಷಿಣದವಕ್ಕೆ ಸರಿಸಂಖ್ಯೆ. ಆದರೆ ಇಪ್ಪತ್ತೊಂದರ ಎದುರಿಗೆ ಇಪ್ಪತ್ತೆರಡು ಇರುವುದೆಂದು ನಂಬಿ ಹೊರಡಬಾರದು. ಒಂದೊಂದು ಸೋಯ್ ಎರಡು ಮೂರು ಮೈಲಿ ಒಳಕ್ಕೆ ಹೋಗುವುದೂ ಉಂಟು. ‘ನಿಲ್ದಾಣದ ಬಳಿ’ ಎಂದಿದ್ದರೆ ಎಷ್ಟು ನಡಿಗೆ ಎಂಬುದನ್ನು ನಕ್ಷೆಯಲ್ಲಿ ಅಳೆದು ನೋಡಬೇಕು. ಹತ್ತು ನಿಮಿಷಕ್ಕಿಂತ ಹೆಚ್ಚಾದರೆ ಆ ಬಿಸಿಲಿನಲ್ಲಿ ಮುದುಕರಿಗೆ ಕಷ್ಟ.

ನಾಲ್ಕನೆಯದು ಯಾವರಾಟ್ ಎಂಬ ಚೀನೀಯರ ಪೇಟೆಯೂ ಅದರ ಬದಿಯ ಹುವಾ ಲಂಪೋಂಗ್ ನಿಲ್ದಾಣದ ಸುತ್ತಲೂ. ನೆಲದೊಳಗಿನ ರೈಲಿನ ಅನುಕೂಲವಿದೆ. ಸಣ್ಣ ವಸತಿಗೃಹಗಳು ಬೇಕಾದಷ್ಟಿವೆ. ಇದನ್ನು ನೆಚ್ಚಿಕೊಳ್ಳುವವರು ಒಂದು ಬದಲಾವಣೆಯನ್ನು ತಿಳಿದಿರಬೇಕು. ೧೯೧೬ರಿಂದ ದೂರದ ಊರುಗಳ ರೈಲುಗಳೆಲ್ಲ ಈ ಹಳೆಯ ನಿಲ್ದಾಣದಿಂದಲೇ ಹೊರಡುತ್ತಿದ್ದುವು; ೨೦೨೩ರ ಜನವರಿಯಲ್ಲಿ ಅವುಗಳಲ್ಲಿ ಬಹುಪಾಲು ಬಾಂಗ್ ಸೂ ಎಂಬಲ್ಲಿ ಕಟ್ಟಿದ ಹೊಸ ನಿಲ್ದಾಣಕ್ಕೆ ಹೋದುವು. ಹಳೆಯ ಪ್ರವಾಸ ಪುಸ್ತಕಗಳನ್ನು ನಂಬಿ ರೈಲಿಗಾಗಿಯೇ ಇಲ್ಲಿ ಕೋಣೆ ಹಿಡಿದರೆ ಪ್ರಯೋಜನವಿಲ್ಲ.

ಕುಟುಂಬದವರು ನೆನಪಿಡಬೇಕಾದ ಮತ್ತೊಂದು ಮಾತು: ಸುಖುಮ್ವಿಟ್ ರಸ್ತೆಯ ನಾನಾ ನಿಲ್ದಾಣದ ನೆರೆ, ಅಸೋಕ್ ಬಳಿಯ ಸೋಯ್ ಕೌಬಾಯ್, ಸೀಲೋಮ್ ರಸ್ತೆಯ ಬದಿಯ ಪಾಟ್‌ಪೋಂಗ್, ಈ ಮೂರೂ ರಾತ್ರಿವಿಲಾಸದ ಸ್ಥಳಗಳು. ಅಲ್ಲಿನ ಕೋಣೆಯ ದರ ಎಷ್ಟೇ ಇಳಿದಿದ್ದರೂ ಮಕ್ಕಳೊಂದಿಗೆ ಹೋಗುವವರು ಆ ಬೀದಿಗಳನ್ನು ಬಿಟ್ಟುಬಿಡುವುದೇ ಮೇಲು.

ಲೆಕ್ಕದ ಮಾತು

ಈಗ ಒಂದು ಲೆಕ್ಕವನ್ನು ಮಾಡಿ ನೋಡೋಣ. ಗಂಡ, ಹೆಂಡತಿ, ಹತ್ತು ವರ್ಷದ ಮಗ, ಅಜ್ಜಿ, ಹೀಗೆ ನಾಲ್ವರು ನಾಲ್ಕು ರಾತ್ರಿ ಇರುವರೆಂದು ಇಟ್ಟುಕೊಳ್ಳೋಣ. ರೈಲಿನಿಂದ ದೂರವಾದ ಒಂದು ಕೋಣೆಗೆ ದಿನಕ್ಕೆ ೯೦೦ ಬಾತು; ನಿಲ್ದಾಣದ ಪಕ್ಕದ ಇನ್ನೊಂದಕ್ಕೆ ೧,೩೦೦ ಬಾತು. ನಾಲ್ಕು ರಾತ್ರಿಗೆ ಮೊದಲನೆಯದು ೩,೬೦೦, ಎರಡನೆಯದು ೫,೨೦೦. ನೋಡಿದೊಡನೆ ೧,೬೦೦ ಬಾತು ಉಳಿಯಿತೆಂದು ತೋರುತ್ತದೆ.

ಆದರೆ ಮೊದಲನೆಯ ಕೋಣೆಯಿಂದ ಹೊರಗೆ ಹೋಗಿಬರಲು ಪ್ರತಿದಿನ ಎರಡು ಸಲ ಟ್ಯಾಕ್ಸಿ ಬೇಕು. ಒಂದು ಸಲಕ್ಕೆ ೨೫೦ ಬಾತೆಂದರೂ ನಾಲ್ಕು ದಿನಕ್ಕೆ ೨,೦೦೦. ವಿಮಾನ ನಿಲ್ದಾಣದಿಂದ ಬರಲು ಹೋಗಲು ತಲಾ ೪೦೦ರಂತೆ ೮೦೦. ಮೊತ್ತ ೬,೪೦೦ ಬಾತು. ಎರಡನೆಯ ಕೋಣೆಯವರು ರೈಲಿಗೆ ಆಳೊಂದಕ್ಕೆ ೩೦ ಬಾತಿನಂತೆ ದಿನಕ್ಕೆ ಎರಡು ಸಲ ತೆತ್ತರೆ ನಾಲ್ಕು ದಿನಕ್ಕೆ ೯೬೦. ವಿಮಾನ ನಿಲ್ದಾಣದ ರೈಲಿಗೆ ಆಳೊಂದಕ್ಕೆ ೪೫ರಂತೆ ಹೋಗಿಬರಲು ೩೬೦. ಮೊತ್ತ ೬,೫೨೦. ೧,೬೦೦ರ ಅಂತರ ೧೨೦ ಬಾತಿಗೆ ಇಳಿಯಿತು! ಅಜ್ಜಿಗೆ ಆಯಾಸವಾಗಿ ಒಂದು ದಿನ ಮಧ್ಯಾಹ್ನ ಕೋಣೆಗೆ ಬಂದು ಮಲಗಿ, ಸಂಜೆ ಮತ್ತೆ ಎಲ್ಲರೂ ಹೊರಟರೆ ಆ ೧೨೦ ಬಾತೂ ಅಲ್ಲಿಗೇ ತೀರಿತು. ಬೀದಿಯ ದಟ್ಟಣೆಯಲ್ಲಿ ಕಳೆದ ಗಂಟೆಗಳನ್ನು ಯಾವ ಲೆಕ್ಕದಲ್ಲಿ ಬರೆಯೋಣ?

ಈ ಅಂಕೆಗಳು ನಿದರ್ಶನಕ್ಕಾಗಿ ಮಾತ್ರ. ಪ್ರತಿಯೊಬ್ಬರೂ ತಮ್ಮ ತಮ್ಮ ದರಗಳನ್ನು ಹಾಕಿ ಇದೇ ರೀತಿ ಕೂಡಿ ನೋಡಬೇಕು. ಹಾಗೆಂದು ಟ್ಯಾಕ್ಸಿಯನ್ನು ಪೂರ್ತಿ ವರ್ಜಿಸಬೇಕಾಗಿಲ್ಲ. ಸಣ್ಣ ಕಾರಿನ ಮೀಟರು ೩೫ ಬಾತಿನಿಂದ ಆರಂಭವಾಗುವುದರಿಂದ, ದಟ್ಟಣೆಯಿಲ್ಲದ ಹೊತ್ತಿನಲ್ಲಿ ಹತ್ತಿರದ ಸ್ಥಳಕ್ಕೆ ನಾಲ್ವರು ಕೂಡಿ ಹೋಗುವಾಗ ಅದೇ ಲಾಭಕರ. ಮೀಟರು ಹಾಕಲು ಒಪ್ಪದ ಗಾಡಿಯನ್ನು ಬಿಟ್ಟು ಮತ್ತೊಂದನ್ನು ಕರೆಯಬೇಕು.

ದರ ಓದುವಾಗ ಇನ್ನೊಂದು ಸೂಕ್ಷ್ಮವುಂಟು. ಥಾಯ್ಲೆಂಡಿನಲ್ಲಿ ಶೇಕಡಾ ೭ ಮೌಲ್ಯವರ್ಧಿತ ತೆರಿಗೆಯಿದೆ. ಹಲವು ಹೋಟೆಲುಗಳು ಶೇಕಡಾ ೧೦ ಸೇವಾಶುಲ್ಕವನ್ನೂ ಸೇರಿಸುತ್ತವೆ. ದರದ ಮುಂದೆ ಎರಡು ಕೂಡುವ ಗುರುತುಗಳಿದ್ದರೆ ಇವೆರಡೂ ಬೇರೆಯಾಗಿ ಬೀಳುವುವೆಂದು ತಿಳಿಯಬೇಕು. ನಮ್ಮ ಬ್ಯಾಂಕಿನ ಕಾರ್ಡಿನಿಂದ ಅಲ್ಲಿನ ಯಂತ್ರದಲ್ಲಿ ಹಣ ತೆಗೆದರೆ ಪ್ರತಿಸಲವೂ ೨೦೦ ಬಾತಿಗೂ ಮಿಕ್ಕ ಶುಲ್ಕ ಬೀಳುತ್ತದೆ; ಆದುದರಿಂದ ಮತ್ತೆ ಮತ್ತೆ ಚಿಲ್ಲರೆಯಾಗಿ ತೆಗೆಯುವುದು ನಷ್ಟ.

ದಿನ ಮತ್ತು ವೇಳೆ

ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತಕರ. ಹೋಟೆಲಿನ ದರ ಮಾತ್ರ ಏರಿರುತ್ತದೆ. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಮಳೆ, ದರ ಇಳಿದಿರುತ್ತದೆ. ಏಪ್ರಿಲಿನಲ್ಲಿ ಸೆಕೆ ಮಿತಿಮೀರುತ್ತದೆ. ಆ ತಿಂಗಳ ೧೩ರಿಂದ ೧೫ರವರೆಗೆ ಅವರ ಹೊಸ ವರ್ಷದ ಹಬ್ಬವಾದ ‘ಸೋಂಗ್‌ಕ್ರಾನ್’. ನಮ್ಮ ‘ಸಂಕ್ರಾಂತಿ’ಯೇ ಆ ಶಬ್ದದ ಮೂಲ. ಬೀದಿಬೀದಿಗಳಲ್ಲಿ ನೀರೆರಚುತ್ತಾರೆ, ಅನೇಕ ಸಣ್ಣ ಅಂಗಡಿಗಳು ಮುಚ್ಚಿರುತ್ತವೆ. ನೋಡಲು ಸೊಗಸು, ಮೂಟೆ ಹೊತ್ತು ಬಿಡಾರ ಹುಡುಕುವುದಕ್ಕೆ ತಕ್ಕ ದಿನಗಳಲ್ಲ.

ನಮ್ಮ ಕಡೆಯಿಂದ ಹೊರಡುವ ವಿಮಾನಗಳಲ್ಲಿ ಹಲವು ನಡುರಾತ್ರಿಯ ಆಸುಪಾಸಿನಲ್ಲಿ ಹೊರಟು ಬೆಳಗಿನ ಜಾವಕ್ಕೆ ಅಲ್ಲಿ ಇಳಿಯುತ್ತವೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದು. ಹೋಟೆಲಿನವರು ಸಾಧಾರಣವಾಗಿ ಕೋಣೆಯನ್ನು ಬಿಟ್ಟುಕೊಡುವುದು ಮಧ್ಯಾಹ್ನ ೨ ಗಂಟೆಗೆ. ಹೀಗೆ ನಿದ್ದೆಗೆಟ್ಟ ಕುಟುಂಬವು ಏಳೆಂಟು ಗಂಟೆ ಕಾಯಬೇಕಾಗುತ್ತದೆ. ಮೂಟೆಗಳನ್ನು ಇಟ್ಟುಕೊಳ್ಳುವರೆ, ಸ್ನಾನಕ್ಕೆ ಅವಕಾಶ ಕೊಡುವರೆ ಎಂಬುದನ್ನು ಮುಂಚಿತವಾಗಿ ಬರೆದು ಕೇಳಿ ಉತ್ತರ ಪಡೆದಿರಬೇಕು. ಮುದುಕರೂ ಎಳೆಮಕ್ಕಳೂ ಇದ್ದರೆ ಹಿಂದಿನ ರಾತ್ರಿಯಿಂದಲೇ ಕೋಣೆಯನ್ನು ಹಿಡಿಯುವುದು ದುಂದಲ್ಲ. ವಿಮಾನ ಹೊರಡುವುದು ಹನ್ನೆರಡು ಗಂಟೆಗೆ ಮೊದಲೋ ಆಮೇಲೋ ಎಂಬುದನ್ನು ನೋಡಿ ತಾರೀಖನ್ನು ಗೊತ್ತುಮಾಡಬೇಕು. ಒಂದು ದಿನ ಹೆಚ್ಚುಕಡಮೆಯಾದರೆ ಕೊಟ್ಟ ಹಣ ಹಿಂದಿರುಗದೆ ಹೋಗಬಹುದು.

೨೦೦೬ರಲ್ಲಿ ತೆರೆದ ದೊಡ್ಡ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಥಾಯ್ ಬಾಯಲ್ಲಿ ‘ಸುವನ್ನಪೂಮ್’. ಊರಿನ ನಡುವಣ ಭಾಗಗಳಿಂದ ಸುಮಾರು ೩೦ ಕಿಲೋಮೀಟರು ಪೂರ್ವಕ್ಕಿದೆ. ೨೦೧೦ರಿಂದ ಓಡುತ್ತಿರುವ ರೈಲು ಅಲ್ಲಿಂದ ಅರ್ಧ ಗಂಟೆಯಲ್ಲಿ ಫಯಾ ಥಾಯ್‌ಗೆ ತಂದು ಬಿ.ಟಿ.ಎಸ್.ಗೆ ಕೂಡಿಸುತ್ತದೆ. ಅಗ್ಗದ ವಿಮಾನಗಳು ಹೆಚ್ಚಾಗಿ ಇಳಿಯುವ ದೋನ್ ಮುಯಾಂಗ್ ಇರುವುದು ಉತ್ತರಕ್ಕೆ. ಅಲ್ಲಿಗೂ ೨೦೨೧ರಲ್ಲಿ ಬೇರೊಂದು ರೈಲುದಾರಿಯಾಯಿತು. ನಗರದ ರೈಲುಗಳು ನಡುರಾತ್ರಿಯಿಂದ ಬೆಳಗಿನ ಸುಮಾರು ೬ ಗಂಟೆಯವರೆಗೆ ಓಡುವುದಿಲ್ಲ.

ಕೋಣೆಯ ಗುಣದೋಷ

ಅಲ್ಪ ಬಾಡಿಗೆಯ ಕೋಣೆಗಳಲ್ಲಿ ಅನೇಕಕ್ಕೆ ಕಿಟಕಿಯೇ ಇರುವುದಿಲ್ಲ. ವಿವರದಲ್ಲಿ ಕಿಟಕಿಯ ಮಾತಿಲ್ಲದಿದ್ದರೆ ಇಲ್ಲವೆಂದೇ ಭಾವಿಸಿ ಕೇಳಬೇಕು. ಹಳೆಯ ಅಂಗಡಿಮನೆಗಳನ್ನು ಮಾರ್ಪಡಿಸಿ ಮಾಡಿದ ವಸತಿಗೃಹಗಳಲ್ಲಿ ಮೂರು ನಾಲ್ಕು ಅಂತಸ್ತಿದ್ದರೂ ಲಿಫ್ಟು ಇಲ್ಲದಿರುವುದುಂಟು. ಮಂಡಿನೋವಿನವರು ಇದನ್ನು ಮೊದಲೇ ವಿಚಾರಿಸಬೇಕು. ಒಂದು ದೊಡ್ಡ ಮಂಚವೋ ಎರಡು ಒಂಟಿ ಮಂಚಗಳೋ, ಮಗುವಿಗೆ ಪ್ರತ್ಯೇಕ ಹಣವೋ, ಬಚ್ಚಲು ಸ್ವಂತವೋ ಹಂಚಿಕೊಂಡದ್ದೋ, ಇವನ್ನೂ ತಿಳಿಯಬೇಕು. ಶೌಚದಲ್ಲಿ ನೀರಿನ ಕೈಕೊಳವೆ ಆ ದೇಶದಲ್ಲಿ ಸಾಮಾನ್ಯವಾಗಿರುವುದರಿಂದ ಆ ವಿಷಯದಲ್ಲಿ ನಮ್ಮವರಿಗೆ ತೊಂದರೆಯಿಲ್ಲ.

ಹಿಂದೆ ಇಳಿದುಕೊಂಡಿದ್ದವರು ಬರೆದ ಅಭಿಪ್ರಾಯಗಳನ್ನು ಓದುವಾಗ ಹೊಗಳಿಕೆಯನ್ನೂ ಕೋಪವನ್ನೂ ಬದಿಗಿಟ್ಟು, ಕಳೆದ ಆರು ತಿಂಗಳಲ್ಲಿ ಬರೆದ ನಡುಮಟ್ಟದವನ್ನು ನೋಡಬೇಕು. ತಿಗಣೆ, ಮುಗ್ಗಲು ವಾಸನೆ, ರಾತ್ರಿಯ ಗದ್ದಲ, ನೀರಿನ ಅಭಾವ, ಈ ನಾಲ್ಕರಲ್ಲಿ ಯಾವುದಾದರೂ ಇಬ್ಬರು ಮೂವರ ಬರಹದಲ್ಲಿ ಬಂದಿದ್ದರೆ ಆ ಸ್ಥಳವನ್ನು ಬಿಡಬೇಕು.

ಕಾಗದಪತ್ರ

ದಿನದ ಲೆಕ್ಕದಲ್ಲಿ ವಾಸದ ಮನೆಗಳನ್ನು ಬಾಡಿಗೆಗೆ ಕೊಡುವವರೂ ಬ್ಯಾಂಕಾಕಿನಲ್ಲಿ ಅನೇಕರಿದ್ದಾರೆ. ಅಡುಗೆಮನೆ ಇರುವುದೆಂಬ ಆಸೆಗೆ ನಮ್ಮ ಗೃಹಿಣಿಯರು ಇವಕ್ಕೆ ಒಲಿಯುವುದು ಸಹಜ. ಆದರೆ ೨೦೦೪ರ ಹೋಟೆಲು ಕಾಯಿದೆಯ ಪ್ರಕಾರ, ಒಂದು ತಿಂಗಳಿಗಿಂತ ಕಡಮೆ ಅವಧಿಗೆ ಹಣ ಪಡೆದು ವಸತಿ ಕೊಡುವವರು ಸಾಮಾನ್ಯವಾಗಿ ಪರವಾನಗಿ ಪಡೆದಿರಬೇಕು. ಕೆಲವೇ ಕೋಣೆಗಳ ಸಣ್ಣ ವಸತಿಗಳಿಗೆ ಮಾತ್ರ ಬೇರೆ ನಿಯಮವಿದೆ. ಬಹುಮಹಡಿ ಕಟ್ಟಡಗಳ ಮನೆಗಳಲ್ಲಿ ಅನೇಕಕ್ಕೆ ಇಂಥ ಪರವಾನಗಿಯಿಲ್ಲ. ಕಟ್ಟಡದ ಕಾವಲಿನವರು ಬಾಗಿಲಲ್ಲೇ ತಡೆದರೆ ಪರದೇಶದಲ್ಲಿ ರಾತ್ರಿವೇಳೆ ಮಕ್ಕಳೊಂದಿಗೆ ಬೀದಿಯಲ್ಲಿ ನಿಲ್ಲುವ ಪ್ರಸಂಗ ಬರುತ್ತದೆ. ಪರವಾನಗಿಯಿರುವ ಹೋಟೆಲನ್ನೇ ಹಿಡಿಯುವುದು ಕ್ಷೇಮ.

೨೦೨೫ರ ಮೇ ೧ರಿಂದ ಆ ದೇಶಕ್ಕೆ ಹೋಗುವ ವಿದೇಶೀಯರು ತಲಪುವುದಕ್ಕೆ ಮುಂಚಿನ ಮೂರು ದಿನಗಳೊಳಗೆ ಗಣಕಜಾಲದಲ್ಲಿ ‘ಡಿಜಿಟಲ್ ಅರೈವಲ್ ಕಾರ್ಡ್’ ತುಂಬಬೇಕು. ಅದರಲ್ಲಿ ಇಳಿದುಕೊಳ್ಳುವ ಸ್ಥಳದ ವಿಳಾಸವನ್ನು ಕೇಳುತ್ತಾರೆ. ಸರ್ಕಾರ ಇದಕ್ಕೆ ಹಣ ಕೇಳುವುದಿಲ್ಲ. ಹಣ ಕೇಳುವ ಜಾಲತಾಣವು ಸರ್ಕಾರದ್ದಲ್ಲ. ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಥಾಯ್ ರಾಯಭಾರ ಕಚೇರಿಯ ಪ್ರಕಟಣೆಯನ್ನು ನೋಡಬೇಕು. ಹೋಟೆಲಿನವರು ಪಾಸ್‌ಪೋರ್ಟಿನ ಪ್ರತಿ ತೆಗೆದುಕೊಳ್ಳುವುದು ಸರಿ. ಠೇವಣಿಯೆಂದು ಪಾಸ್‌ಪೋರ್ಟನ್ನೇ ಇಟ್ಟುಕೊಳ್ಳುತ್ತೇವೆಂದರೆ ಒಪ್ಪದೆ, ನಗದು ಠೇವಣಿ ಕೊಟ್ಟು ರಸೀದಿ ಪಡೆಯಬೇಕು.

ಊಟದ ವಿಚಾರ

ಶಾಕಾಹಾರಿಗಳಿಗೆ ಬಿಡಾರದ ನೆಲೆಯೂ ಊಟದ ನೆಲೆಯೂ ಒಂದಕ್ಕೊಂದು ಕೂಡಿಕೊಂಡ ವಿಷಯ. ಥಾಯ್ ಅಡುಗೆಯಲ್ಲಿ ಮೀನಿನ ರಸವು ನಮ್ಮ ಉಪ್ಪಿನಂತೆ ಎಲ್ಲದರಲ್ಲಿಯೂ ಬೀಳುತ್ತದೆ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ಎರಡು ಶಬ್ದಗಳನ್ನು ಕಲಿತರೆ ಬಹಳ ಉಪಕಾರವಾಗುತ್ತದೆ. ಆಹಾರಕ್ಕೆ ಅವರು ‘ಆಹಾನ್’ ಎನ್ನುತ್ತಾರೆ, ಶಾಕಾಹಾರಕ್ಕೆ ‘ಮಾಂಗ್ಸವಿರಾಟ್’. ಎರಡನೆಯದು ನಮ್ಮ ‘ಮಾಂಸವಿರತಿ’ಯೇ! ಅದಕ್ಕಿಂತ ಕಟ್ಟುನಿಟ್ಟಾದುದು ‘ಜೇ’. ಇದರಲ್ಲಿ ಮೀನು, ಮೊಟ್ಟೆ, ಹಾಲುಗಳೂ ಇಲ್ಲ, ಬೆಳ್ಳುಳ್ಳಿ ಈರುಳ್ಳಿಗಳೂ ಇಲ್ಲ. ಹಳದಿಯ ಬಾವುಟದ ಮೇಲೆ ಕೆಂಪಕ್ಷರ ಬರೆದಿರುವ ಅಂಗಡಿ ಜೇ ಊಟದ ಅಂಗಡಿ. ಮಡಿವಂತರಾದ ಹಿರಿಯರಿಗೂ ಇದು ಒಪ್ಪಿಗೆಯಾಗಬಹುದು.

ಭಾರತೀಯ ಊಟ ಬೇಕಾದವರಿಗೆ ಪ್ರಾತುನಾಮಲ್ಲದೆ ಪಾಹುರಾಟ್ ಎಂಬ ಜವಳಿಪೇಟೆಯೂ ಇದೆ. ಅಲ್ಲಿನ ಸಿಖ್ಖರ ಗುರುದ್ವಾರ ಪ್ರಸಿದ್ಧವಾದುದು. ಸೀಲೋಮ್ ರಸ್ತೆಯಲ್ಲಿ ತಮಿಳರು ಕಟ್ಟಿಸಿದ ಮಾರಿಯಮ್ಮನ ಗುಡಿಯಿದೆ. ಬೆಳಗಿನ ಉಪಾಹಾರಕ್ಕೆ ಹುರಿದ ಅವಲಕ್ಕಿ, ಚಟ್ನಿಪುಡಿ ಒಯ್ದರೆ ಹೊಟ್ಟೆಗೂ ಹಿತ, ಕಿಸೆಗೂ ಹಿತ. ಕೋಣೆಯ ಕೆಟಲಿನ ಬಿಸಿನೀರೇ ಸಾಕು. ಆ ಕೆಟಲಿನಲ್ಲಿ ಅನ್ನ ಬೇಯಿಸುವುದಾಗಲಿ, ಒಲೆ ಹೂಡುವುದಾಗಲಿ ಸರ್ವಥಾ ಕೂಡದು. ದುರಿಯನ್ ಎಂಬ ಹಲಸಿನಂಥ ಹಣ್ಣನ್ನು ಅದರ ಘಾಟಿಗಾಗಿ ಹೆಚ್ಚಿನ ಹೋಟೆಲುಗಳು ಒಳಗೆ ಬಿಡುವುದಿಲ್ಲ. ತಂದರೆ ದಂಡ ಬೀಳಬಹುದು.

ತಲಪಿದ ಮೇಲೆ

ಕೋಣೆಗೆ ಕಾಲಿಟ್ಟೊಡನೆ ಮೂಟೆ ಬಿಚ್ಚದೆ ಮೂರು ಕೆಲಸ ಮಾಡಬೇಕು: ಹಾಸಿಗೆಯ ಅಂಚನ್ನು ಎತ್ತಿ ನೋಡುವುದು, ನಲ್ಲಿ ತಿರುಗಿಸಿ ನೋಡುವುದು, ಬೆಂಕಿಯ ಅಪಾಯದಲ್ಲಿ ಇಳಿಯುವ ಮೆಟ್ಟಿಲು ಎಲ್ಲಿದೆಯೆಂದು ಮಕ್ಕಳಿಗೂ ತೋರಿಸುವುದು. ದೋಷವಿದ್ದರೆ ಆಗಲೇ ಹೇಳಿದರೆ ಬೇರೆ ಕೋಣೆ ಸಿಕ್ಕುವ ಸಂಭವ ಹೆಚ್ಚು. ಹೋಟೆಲಿನ ಹೆಸರು ವಿಳಾಸಗಳನ್ನು ಥಾಯ್ ಲಿಪಿಯಲ್ಲಿ ಬರೆಯಿಸಿ ಪ್ರತಿಯೊಬ್ಬರ ಜೇಬಿನಲ್ಲೂ ಇಡಬೇಕು. ಅಜ್ಜಿಯ ಚೀಲದಲ್ಲಿಯೂ ಒಂದಿರಲಿ. ಅರಮನೆಯ ಬಳಿ ಅಪರಿಚಿತನೊಬ್ಬನು ‘ಇಂದು ಮುಚ್ಚಿದೆ, ಬೇರೆ ಕಡೆ ಅಗ್ಗವಾಗಿ ಕರೆದೊಯ್ಯುತ್ತೇನೆ’ ಎಂದರೆ ನಂಬಬಾರದು. ಆ ಸವಾರಿ ಹರಳಿನ ಅಂಗಡಿಯಲ್ಲಿ ಮುಗಿಯುತ್ತದೆ. ತೊಂದರೆಯಾದರೆ ಪ್ರವಾಸಿಗಳ ಪೋಲೀಸಿನವರನ್ನು ೧೧೫೫ ಎಂಬ ದೂರವಾಣಿ ಸಂಖ್ಯೆಯಲ್ಲಿ ಕರೆಯಬಹುದು.

ಆದುದರಿಂದ ಗೃಹಸ್ಥರು ಅನುಸರಿಸತಕ್ಕ ಕ್ರಮವಿದು: ಮೊದಲು ನಕ್ಷೆ, ಅನಂತರ ದಿನ ವೇಳೆ, ಆಮೇಲೆ ಕೋಣೆ, ಕಟ್ಟಕಡೆಗೆ ದರ. ಬಹುಮಂದಿ ಇದನ್ನು ತಲೆಕೆಳಗು ಮಾಡಿ ದರದಿಂದ ಆರಂಭಿಸುತ್ತಾರೆ. ಮೂರು ವರ್ಷದ ಉಳಿತಾಯವನ್ನು ವೆಚ್ಚಮಾಡಿ ಹೋಗುವ ಪ್ರವಾಸದ ಮುಂದೆ ಒಂದು ರಾತ್ರಿಯ ನಾನೂರು ಬಾತು ದೊಡ್ಡದಲ್ಲ. ಆದರೆ ನಿಲ್ದಾಣದಿಂದ ಐದು ನಿಮಿಷ ನಡೆದು ಬಂದು, ಮಧ್ಯಾಹ್ನದ ಬಿಸಿಲು ಇಳಿಯುವವರೆಗೆ ಮನೆಯ ಹಿರಿಯರು ಕಾಲುಚಾಚಿ ಮಲಗುವಂತಾದರೆ, ಸಂಜೆ ನದಿಯ ದಡದಲ್ಲಿ ಅವರೂ ಮೊಮ್ಮಗನ ಕೈಹಿಡಿದು ನಡೆದಾರು.